ಒಳಗೆ ಬಂದ ನಾಯಿ ಹೊರಗೆ ಹೋದದ್ದು ಯಾವ ಬಾಗಿಲಿನಿಂದ?

ಪ್ರಾಣಿಗಳ ಶೆಲ್ಟರ್ ನೋಡಲು ಹೋದವರು ಮೊದಲು ಗಮನಿಸುವುದು ನೆಲ ತೊಳೆದಿದ್ದಾರೆಯೇ, ವಾಸನೆ ಬರುತ್ತಿದೆಯೇ, ನಾಯಿಗಳು ಬಾಲ ಅಲ್ಲಾಡಿಸುತ್ತಿವೆಯೇ ಎಂಬುದನ್ನು. ಹೇಳಿ ಕಳಿಸಿ ಬರುವ ನೆಂಟರಿಗೆ ಎಲ್ಲ ಮನೆಯೂ ಚೊಕ್ಕವಾಗಿಯೇ ಕಾಣುತ್ತದೆ. ಶೆಲ್ಟರ್ ಹೇಗೆ ನಡೆಯುತ್ತಿದೆ ಎಂದು ತಿಳಿಯಬೇಕಾದರೆ ರಿಜಿಸ್ಟರ್ ನೋಡಬೇಕು. ಅದರಲ್ಲೂ ವರ್ಷದ ಕೊನೆಗೆ ಅವರೇ ಹಾಕುವ ಶೇಕಡಾ ಲೆಕ್ಕವನ್ನಲ್ಲ, ಒಂದು ಪ್ರಾಣಿಗೆ ಒಂದು ಸಾಲಿನಂತೆ ಇರುವ ಮೂಲ ಪಟ್ಟಿಯನ್ನು.

ಆ ಸಾಲಿನಲ್ಲಿ ಗುರುತಿನ ಸಂಖ್ಯೆ, ಬಂದ ದಿನ ಮತ್ತು ಗಂಟೆ, ಬಂದ ಬಗೆ, ಸಿಕ್ಕ ಜಾಗ, ಬಂದಾಗಿನ ಆರೋಗ್ಯ, ಚಿಪ್ (ಮಾಲೀಕರನ್ನು ಗುರುತಿಸಲು ಚರ್ಮದಡಿ ಇಡುವ, ಸಂಖ್ಯೆಯುಳ್ಳ ಪುಟ್ಟ ಸಾಧನ) ಸ್ಕ್ಯಾನ್ ಮಾಡಿದ ಹೊತ್ತು, ಲಸಿಕೆ ಹಾಕಿದ ಹೊತ್ತು, ಹೊರಹೋದ ದಿನ ಮತ್ತು ಹೋದ ಬಗೆ ಇರಬೇಕು. ಬೀದಿಯಿಂದ ತಂದದ್ದೋ, ಮಾಲೀಕರೇ ಬಿಟ್ಟದ್ದೋ, ವಶಪಡಿಸಿಕೊಂಡದ್ದೋ, ಬೇರೆ ಶೆಲ್ಟರಿನಿಂದ ಬಂದದ್ದೋ ಎಂಬುದು ಬೇರೆಬೇರೆಯಾಗಿ ನಮೂದಾಗಿರಬೇಕು. ಮಾಹಿತಿ ಕೇಳುವ ಅರ್ಜಿಯಲ್ಲಿ ಪಿಡಿಎಫ್ ಬೇಡ, ಸ್ಪ್ರೆಡ್‌ಶೀಟ್ ಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಅವರು ಬಳಸುವ ಸಂಕೇತಾಕ್ಷರಗಳ ವಿವರಣೆಯನ್ನೂ ಜೊತೆಗೇ ಕೇಳಿ, ಇಲ್ಲದಿದ್ದರೆ ಪಟ್ಟಿ ಕೈಗೆ ಬಂದರೂ ಓದಲಾಗದು. ಖಾಸಗಿ ಮಾಹಿತಿ ಇದೆ ಎಂಬ ಕಾರಣ ಕೊಟ್ಟು ಇಡೀ ಕಡತವನ್ನೇ ನಿರಾಕರಿಸುವುದುಂಟು. ಹೆಸರು, ಫೋನ್, ವಿಳಾಸದ ಕಾಲಂಗಳನ್ನು ತೆಗೆದು ಕೊಡಿ ಎಂದು ಮೊದಲೇ ಬರೆದುಬಿಟ್ಟರೆ ಆ ನೆಪಕ್ಕೆ ಜಾಗ ಉಳಿಯುವುದಿಲ್ಲ.

ಪಟ್ಟಿ ಬಂದ ಮೇಲೆ ಮೊದಲ ಕೆಲಸ ಪ್ರಾಥಮಿಕ ಶಾಲೆಯ ಗಣಿತ. ವರ್ಷದ ಆರಂಭದಲ್ಲಿ ಇದ್ದವು, ಅದಕ್ಕೆ ಬಂದವನ್ನು ಕೂಡಿ, ಹೋದವನ್ನು ಕಳೆದರೆ ವರ್ಷದ ಕೊನೆಗೆ ಉಳಿದವು ಸಿಗಬೇಕು. ಆರಂಭದಲ್ಲಿ 80, ಬಂದದ್ದು 1,000, ಕೊನೆಗೆ 90 ಎಂದರೆ ಹೊರಹೋದವು 990 ಇರಲೇಬೇಕು. 960ಕ್ಕೆ ಮಾತ್ರ ದಾಖಲೆ ಇದ್ದರೆ 30 ಜೀವಗಳ ಕಥೆ ಯಾರೂ ಬರೆದಿಟ್ಟಿಲ್ಲ. ಇದರ ಹಿಂದೆ ಯಾವಾಗಲೂ ಕೆಟ್ಟ ಉದ್ದೇಶವೇ ಇರುತ್ತದೆ ಎಂದೇನಿಲ್ಲ. ಮನೆಯಲ್ಲಿ ಸಾಕಲು ತಾತ್ಕಾಲಿಕವಾಗಿ ಕೊಟ್ಟ ಮರಿಗಳನ್ನು ಕೆಲವರು ಹೊರಹೋದವು ಎಂದು ಬರೆಯುತ್ತಾರೆ, ಕೆಲವರು ಬರೆಯುವುದಿಲ್ಲ. ಶೆಲ್ಟರಿನಲ್ಲೇ ಹುಟ್ಟಿದ ಮರಿಗಳನ್ನು ಬಂದವುಗಳ ಲೆಕ್ಕಕ್ಕೆ ಸೇರಿಸದೆ ಇರುವುದೂ ಉಂಟು, ಆಗ ವ್ಯತ್ಯಾಸ ತಿರುಗುಮುರುಗಾಗಿ ಹೋದವೇ ಹೆಚ್ಚಾಗಿ ಕಾಣುತ್ತವೆ. ಆದರೆ ಕಾರಣ ಯಾವುದೆಂದು ಹೇಳಬೇಕಾದವರು ಅವರು, ಊಹಿಸಬೇಕಾದವರು ನಾವಲ್ಲ.

ಇನ್ನು ಎಲ್ಲರೂ ಬಾವುಟದಂತೆ ಹಾರಿಸುವ ‘ಜೀವಂತ ಬಿಡುಗಡೆ ಪ್ರಮಾಣ’, ಅಂದರೆ ಹೊರಹೋದವುಗಳಲ್ಲಿ ಜೀವಂತವಾಗಿ ಹೋದವುಗಳ ಪಾಲು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2004ರಲ್ಲಿ ಹಲವು ಪ್ರಾಣಿ ಸಂಸ್ಥೆಗಳು ಸೇರಿ ಒಪ್ಪಿಕೊಂಡ ಅಸಿಲೋಮಾರ್ ಒಪ್ಪಂದದಿಂದ ಇದರ ಸೂತ್ರ ಬಳಕೆಗೆ ಬಂತು. 90 ಶೇಕಡಾ ದಾಟಿದರೆ ‘ನೋ ಕಿಲ್’ (ಕೊಲ್ಲದ ಶೆಲ್ಟರ್) ಎಂದು ಕರೆದುಕೊಳ್ಳುವ ರೂಢಿಯೂ ಇದೆ. ಮೇಲಿನ 990ನ್ನೇ ಬಿಡಿಸಿ ನೋಡೋಣ. ದತ್ತು ಹೋದದ್ದು 520, ಮಾಲೀಕರಿಗೆ ಮರಳಿದ್ದು 150, ಬೇರೆ ಸಂಸ್ಥೆಗೆ ವರ್ಗಾಯಿಸಿದ್ದು 150, ಒಟ್ಟು 820 ಜೀವಂತ. ದಯಾಮರಣ 80, ಮಾಲೀಕರ ಕೋರಿಕೆಯ ದಯಾಮರಣ 65, ಶೆಲ್ಟರಿನಲ್ಲೇ ಸತ್ತದ್ದು 18, ನಾಪತ್ತೆ 7. ಒಟ್ಟು 990ರಿಂದ ಭಾಗಿಸಿದರೆ ಶೇ. 83ರ ಹತ್ತಿರ ನಿಲ್ಲುತ್ತದೆ. ಆದರೆ ಆ ಸೂತ್ರದಲ್ಲಿ ಆರೈಕೆಯಲ್ಲಿದ್ದಾಗ ಸತ್ತವು, ನಾಪತ್ತೆಯಾದವು ಛೇದಕ್ಕೆ ಸೇರುವುದಿಲ್ಲ. ಗುಣವಾಗದ ಸ್ಥಿತಿಯಲ್ಲಿ ಮಾಲೀಕರೇ ಕೋರಿದ ದಯಾಮರಣವೂ ಸೇರುವುದಿಲ್ಲ. 90 ಪ್ರಾಣಿಗಳನ್ನು ಹೀಗೆ ಬದಿಗಿಟ್ಟರೆ ಉಳಿಯುವುದು 900, ಪ್ರಮಾಣ ಶೇ. 91. ಒಂದು ಪ್ರಾಣಿಯ ಹಣೆಬರಹವೂ ಬದಲಾಗಿಲ್ಲ, ಬದಲಾದದ್ದು ಛೇದ ಮಾತ್ರ.

ಕಳ್ಳದಾರಿ ಇರುವುದು ಆ 65ರಲ್ಲಿ. ಮಾಲೀಕರು ಪ್ರಾಣಿಯನ್ನು ಒಪ್ಪಿಸುವ ಫಾರಂನಲ್ಲೇ ‘ಅಗತ್ಯವಿದ್ದರೆ ದಯಾಮರಣಕ್ಕೆ ಒಪ್ಪಿಗೆ’ ಎಂಬ ಸಾಲು ಸಣ್ಣಕ್ಷರದಲ್ಲಿ ಇದ್ದರೆ, ಸಾಕಲಾಗದೆ ಬಿಟ್ಟುಹೋದ ಆರೋಗ್ಯವಂತ ನಾಯಿಯೂ ‘ಮಾಲೀಕರ ಕೋರಿಕೆ’ ಆಗಿಬಿಡುತ್ತದೆ. ಆದ್ದರಿಂದ ಖಾಲಿ ಫಾರಂನ ಒಂದು ಪ್ರತಿ ತರಿಸಿಕೊಳ್ಳಿ. ಈ ಗುಂಪಿನಲ್ಲಿರುವ ಪ್ರಾಣಿಗಳ ವಯಸ್ಸು ಮತ್ತು ಬಂದಾಗಿನ ಆರೋಗ್ಯದ ಕಾಲಂ ನೋಡಿ. ಎರಡು ವರ್ಷದ, ‘ಆರೋಗ್ಯ ಚೆನ್ನಾಗಿದೆ’ ಎಂದು ದಾಖಲಾದ ನಾಯಿಗಳೇ ಹೆಚ್ಚಿದ್ದರೆ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ವರ್ಗಾವಣೆಗೂ ಇದೇ ಎಚ್ಚರ: ಪಡೆದ ಸಂಸ್ಥೆ ಯಾವುದು, ಅಲ್ಲಿ ಏನಾಯಿತು ಎಂದು ಕೇಳದಿದ್ದರೆ ವರ್ಗಾವಣೆ ಎಂಬುದು ಹಿಂಬಾಗಿಲು. ಪ್ರಮಾಣ ಏರಿಸಲು ಇನ್ನೂ ಸುಲಭದ ದಾರಿ ಬಂದವುಗಳನ್ನೇ ತಿರುಗಿಸಿ ಕಳಿಸುವುದು. ಹಿಂದಿರುಗಿಸಿದ ಮನವಿಗಳ ಲೆಕ್ಕ ಇಡದ ಶೆಲ್ಟರಿನ ಶೇ. 95ಕ್ಕಿಂತ, ಬಾಗಿಲು ಮುಚ್ಚದ ಶೆಲ್ಟರಿನ ಶೇ. 83 ನನಗೆ ಹೆಚ್ಚು ನಂಬಿಕೆಯದು.

ಜಾಗ ಸಾಲುತ್ತದೆಯೇ ಎಂಬುದನ್ನು ಪಂಜರ ಎಣಿಸಿ ಹೇಳಲಾಗದು. ದಿನಕ್ಕೆ ಸರಾಸರಿ ಬರುವ ಸಂಖ್ಯೆಯನ್ನು ಸರಾಸರಿ ವಾಸದ ದಿನಗಳಿಂದ ಗುಣಿಸಿದರೆ ಒಳಗಿರುವ ಸಂಖ್ಯೆ ಸಿಗುತ್ತದೆ. ದಿನಕ್ಕೆ 6, ವಾಸ 15 ದಿನ ಎಂದರೆ 90. ವಾಸ 25 ದಿನಕ್ಕೆ ಜಾರಿದರೆ ಬರುವವು ಒಂದೂ ಹೆಚ್ಚದೆ 150 ಆಗುತ್ತದೆ. ಹೀಗಾಗಿ ಕಿಕ್ಕಿರಿದ ಶೆಲ್ಟರಿಗೆ ಹೊಸ ಪಂಜರಗಳಿಗಿಂತ, ವಾಸ ಎಲ್ಲಿ ಎಳೆಯುತ್ತಿದೆ ಎಂದು ಹುಡುಕುವುದು ಮುಖ್ಯ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಕಾಯುವುದರಲ್ಲಿ, ವೈದ್ಯರ ಒಂದು ಸಹಿಗೆ ಕಾಯುವುದರಲ್ಲಿ, ಫೋಟೋ ಹಾಕದೆ ಬಿಟ್ಟದ್ದರಲ್ಲಿ ದಿನಗಳು ಸೋರುತ್ತವೆ. ಸರಾಸರಿಯೊಂದನ್ನೇ ನಂಬಬೇಡಿ: ಮರುದಿನವೇ ಮಾಲೀಕರು ಕರೆದೊಯ್ದ ನಾಯಿಗಳು ಅದನ್ನು ಕೆಳಗೆಳೆದು, ಆರು ತಿಂಗಳಿಂದ ಒಂದೇ ಕೋಣೆಯಲ್ಲಿರುವ ನಾಯಿಯನ್ನು ಮರೆಮಾಡುತ್ತವೆ. ಇವತ್ತು ಒಳಗಿರುವ ಪ್ರತಿ ಪ್ರಾಣಿಯೂ ಬಂದು ಎಷ್ಟು ದಿನವಾಯಿತು ಎಂಬ ಪಟ್ಟಿ ಬೇರೆಯಾಗಿಯೇ ಬೇಕು.

ಕೆಲಸಗಾರರ ಲೆಕ್ಕವೂ ಇದಕ್ಕೆ ಅಂಟಿಕೊಂಡಿದೆ. ಒಂದು ಪ್ರಾಣಿಗೆ ದಿನಕ್ಕೆ ಕನಿಷ್ಠ 15 ನಿಮಿಷ, ಅಂದರೆ ಶುಚಿಗೆ 9, ಊಟಕ್ಕೆ 6 ಎಂಬುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. 90 ಪ್ರಾಣಿಗೆ 22 ಗಂಟೆ 30 ನಿಮಿಷ ಬೇಕು, ಎಂಟು ಗಂಟೆಯ ಪಾಳಿಯ ಮೂವರು ಅಷ್ಟಕ್ಕೇ ಮುಗಿದುಹೋಗುತ್ತಾರೆ. ಔಷಧಿ, ನಡಿಗೆ, ಫೋನ್, ದತ್ತು ಕೇಳಿ ಬಂದವರ ಜೊತೆ ಮಾತು, ಇವೆಲ್ಲ ಅದರ ಮೇಲಿನವು. ಹಾಜರಿ ಪುಸ್ತಕದಲ್ಲಿ ಭಾನುವಾರ ಒಬ್ಬರೇ ಇದ್ದರೆ ಆ ದಿನ ಏನೇನು ಆಗಿಲ್ಲ ಎಂದು ಯಾರೂ ಹೇಳಬೇಕಿಲ್ಲ.

ಲಸಿಕೆಯಲ್ಲಿ ಗಂಟೆಯ ವ್ಯತ್ಯಾಸವೂ ಮುಖ್ಯ. ನಾಯಿಗಳ ಮಾರಕ ಅಂಟುರೋಗಗಳಾದ ಪಾರ್ವೊ, ಡಿಸ್ಟೆಂಪರ್‌ಗಳ ಲಸಿಕೆ ಒಳಬರುವಾಗಲೇ ಹಾಕಬೇಕು, ಮರುದಿನ ವೈದ್ಯರು ಬಂದಮೇಲೆ ಅಲ್ಲ. ಬಂದ ಹೊತ್ತು ಮತ್ತು ಲಸಿಕೆಯ ಹೊತ್ತು ಎರಡನ್ನೂ ಕಳೆದು ನೋಡಿದರೆ ಸಂಜೆ ಬಂದ ಪ್ರಾಣಿಗಳು ರಾತ್ರಿಯಿಡೀ ರಕ್ಷಣೆಯಿಲ್ಲದೆ ಇದ್ದದ್ದು ತಿಳಿಯುತ್ತದೆ. ಪಾರ್ವೊ ಮತ್ತೆಮತ್ತೆ ಬರುತ್ತಿದ್ದರೆ ಸೋಂಕುನಾಶಕದ ಡಬ್ಬಿ ತಿರುಗಿಸಿ ಓದಿ. ಕ್ವಾಟರ್ನರಿ ಅಮೋನಿಯಂ ಬಗೆಯವು ಪಾರ್ವೊ ವೈರಸ್ಸಿನ ಮೇಲೆ ನೆಚ್ಚಿಕೊಳ್ಳುವಂತಿಲ್ಲ. ಬ್ಲೀಚ್ ಕೆಲಸ ಮಾಡುತ್ತದೆ, ಆದರೆ ಮಲ ತೆಗೆದು ಸೋಪಿನಲ್ಲಿ ತೊಳೆದ ಮೇಲೆ ಮಾತ್ರ.

ಚಿಪ್ ವಿಷಯದಲ್ಲಿ ‘ಸ್ಕ್ಯಾನ್ ಮಾಡಿದೆವು, ಇಲ್ಲ’ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಐಎಸ್ಒ (ಅಂತರರಾಷ್ಟ್ರೀಯ ಮಾನದಂಡ) ಮಾದರಿಯ 15 ಅಂಕಿಗಳ ಚಿಪ್ 134.2 ಕಿಲೋಹರ್ಟ್ಸ್‌ನಲ್ಲಿ ಮಾತಾಡುತ್ತದೆ, ಹಳೆಯ ಕೆಲವು 125ರಲ್ಲಿ. ಎರಡನ್ನೂ ಓದದ ಸ್ಕ್ಯಾನರ್ ಇದ್ದರೆ ಮಾಲೀಕರಿರುವ ನಾಯಿಯೂ ಅನಾಥವೇ. ಚಿಪ್ ಹೆಗಲ ನಡುವಿನಿಂದ ಭುಜಕ್ಕೋ ಎದೆಗೋ ಸರಿದಿರಬಹುದು, ಸ್ಕ್ಯಾನರಿನ ಬ್ಯಾಟರಿ ಇಳಿದಿರಬಹುದು. ಅದಕ್ಕೇ ಬಂದಾಗ ಒಮ್ಮೆ, ದತ್ತು ಅಥವಾ ದಯಾಮರಣದ ಮುಂಚೆ ಮತ್ತೊಮ್ಮೆ ಸ್ಕ್ಯಾನ್ ಮಾಡಬೇಕು, ಎರಡಕ್ಕೂ ಸಮಯ ದಾಖಲಾಗಬೇಕು. ಮಾಲೀಕರಿಗಾಗಿ ಕಾಯಬೇಕಾದ ಕಾನೂನಿನ ಅವಧಿ ಯಾವ ಗಳಿಗೆಯಿಂದ ಶುರುವಾಗುತ್ತದೆ, ರಜಾದಿನ ಎಣಿಕೆಗೆ ಬರುತ್ತದೆಯೇ ಎಂಬುದನ್ನು ಲಿಖಿತವಾಗಿ ಪಡೆದು, ಅವಧಿ ಮುಗಿಯುವ ಮುಂಚೆ ಹೊರಹೋದ ಸಾಲುಗಳನ್ನು ಹುಡುಕಿ.

ದಯಾಮರಣದ ಔಷಧಿಗೆ ಪ್ರತ್ಯೇಕ ಪುಸ್ತಕ ಇರಬೇಕು: ಬಾಟಲಿ ಸಂಖ್ಯೆ, ಪ್ರಾಣಿಯ ಸಂಖ್ಯೆ, ತೂಕ, ಬಳಸಿದ ಮಿಲಿಲೀಟರ್, ಉಳಿದದ್ದು, ಇಬ್ಬರ ಸಹಿ. ಇದನ್ನು ಪ್ರಾಣಿಗಳ ಪಟ್ಟಿಯೊಡನೆ ತಾಳೆ ನೋಡುವುದರಷ್ಟು ಫಲ ಕೊಡುವ ತಪಾಸಣೆ ಬೇರೊಂದಿಲ್ಲ. ಇಲ್ಲಿ ಸಂಖ್ಯೆ ಇದ್ದು ಅಲ್ಲಿ ‘ಆರೈಕೆಯಲ್ಲಿ ಸಾವು’ ಎಂದಿದ್ದರೆ ಎರಡರಲ್ಲಿ ಒಂದು ಸುಳ್ಳು. ಎಲ್ಲ ತೂಕವೂ ದುಂಡು ಅಂಕಿಗಳಲ್ಲೇ ಇದ್ದರೆ ತೂಗದೆ ಬರೆದಿದ್ದಾರೆ ಎಂದರ್ಥ.

ಬೀದಿಗಿಳಿಯುವ ಪ್ರಾಣಿ ನಿಯಂತ್ರಣ ವಿಭಾಗಕ್ಕೆ ಬೇಕಾದದ್ದು ಕರೆ ಬಂದ, ಸಿಬ್ಬಂದಿ ಹೊರಟ, ತಲುಪಿದ, ಮುಗಿಸಿದ ನಾಲ್ಕು ಸಮಯಗಳು. ‘ತಲುಪಿದಾಗ ಪ್ರಾಣಿ ಇರಲಿಲ್ಲ’ ಎಂದು ಮುಚ್ಚಿದ ದೂರುಗಳ ಪಾಲು ದೊಡ್ಡದಿದ್ದರೆ ತಲುಪುವುದೇ ತಡ ಎಂದು ತಿಳಿಯಿರಿ. ಕಚ್ಚಿದ ದೂರುಗಳನ್ನು ಉಳಿದವುಗಳಿಂದ ಬೇರ್ಪಡಿಸಿ ನೋಡಿ. ಕಚ್ಚಿದ ನಾಯಿ ಬೆಕ್ಕುಗಳನ್ನು ರೇಬೀಸ್ ಅನುಮಾನದಲ್ಲಿ 10 ದಿನ ನಿಗಾದಲ್ಲಿಡುವುದು ರೂಢಿ, ಆ ಹತ್ತನೆಯ ದಿನದ ಷರಾ ಇದೆಯೇ ಎಂಬುದೇ ಅಲ್ಲಿನ ಪರೀಕ್ಷೆ.

ಮೊದಲ ಅರ್ಜಿಗೆ ಇಡೀ ವರ್ಷ ಬೇಡ, ಮೂರು ತಿಂಗಳು ಸಾಕು. ಆರು ತಿಂಗಳು ಕಳೆದ ಮೇಲೆ ಅದೇ ಮೂರು ತಿಂಗಳ ಪಟ್ಟಿಯನ್ನು ಮತ್ತೆ ಕೇಳಿ, ಎರಡು ಪ್ರತಿಗಳನ್ನೂ ಗುರುತಿನ ಸಂಖ್ಯೆಯ ಮೇಲೆ ಹೊಂದಿಸಿ. ಮೊದಲು ‘ನಾಪತ್ತೆ’ ಎಂದಿದ್ದದ್ದು ಈಗ ‘ವರ್ಗಾವಣೆ’ ಆಗಿದ್ದರೆ, ಆ ಸಾಲನ್ನು ತಿದ್ದಿದ ದಿನಾಂಕ ಮತ್ತು ತಿದ್ದಿದ ಲಾಗಿನ್ ಯಾವುದೆಂದು ಮೂರನೆಯ ಅರ್ಜಿಯಲ್ಲಿ ಕೇಳಿ.