ಮೂಗು ಕಟ್ಟಿದಾಗ ಒಳಗೇನಾಗಿರುತ್ತೆ?

ಮಂಡಕ್ಕಿ ಭಟ್ಟಿಯ ಹೊಗೆ, ಎಪಿಎಂಸಿಯಲ್ಲಿ ಮೆಕ್ಕೆಜೋಳ ಸುರಿಯುವಾಗ ಏಳೋ ಧೂಳು. ದಾವಣಗೆರೆಯಲ್ಲಿ ಮೂಗಿಗೆ ಬಿಡುವೇ ಇಲ್ಲ. ಒಳಪದರದ ಸೂಕ್ಷ್ಮ ರೋಮಗಳು ಸೆಕೆಂಡಿಗೆ ಹತ್ತಾರು ಸಲ ಬಡಿಯುತ್ತಾ ಧೂಳು ಅಂಟಿದ ಸಿಂಬಳವನ್ನು ಗಂಟಲ ಕಡೆ ತಳ್ಳುತ್ತವೆ.

ಮೂಗಿನ ಸುತ್ತಲ ಮೂಳೆಗಳಲ್ಲಿ 4 ಜೊತೆ ಗಾಳಿಗೂಡುಗಳಿವೆ, ಅವೇ ಸೈನಸ್. ಕೆನ್ನೆಯ ಸೈನಸ್ ತುಂಬಾ ಕಾಡೋದಕ್ಕೆ ಕಾರಣ ಅದರ ರಚನೆ. ಅದರ ಬಾಯಿ ತಳದಲ್ಲಿಲ್ಲ, ಮೇಲ್ಗಡೆ ಇದೆ. ಸಿಂಬಳ ತಾನಾಗಿ ಇಳಿಯಲ್ಲ, ರೋಮಗಳೇ ಮೇಲಕ್ಕೆ ಸಾಗಿಸಬೇಕು. ನೆಗಡಿಯಾಗಿ ಆ ಪುಟ್ಟ ಬಾಯಿ ಊದಿಕೊಂಡರೆ ದಾರಿ ಬಂದ್. ಕೆನ್ನೆ ಭಾರ, ಬಗ್ಗಿದರೆ ನೋವು. ಮೇಲಿನ ದವಡೆಹಲ್ಲಿನ ಬೇರುಗಳು ಈ ಸೈನಸ್ಸಿನ ತಳಕ್ಕೆ ತೀರಾ ಹತ್ತಿರ ಇರೋದರಿಂದ ಹಲ್ಲೂ ನೋಯುತ್ತೆ.

ಮೂಗು ತೊಳೆಯೋಕೆ ಕುದಿಸಿ ಆರಿಸಿದ 240 ಮಿ.ಲೀ. ನೀರು, ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಉಪ್ಪು ಕಮ್ಮಿಯಾದರೆ ಉರಿಯುತ್ತೆ. ನಲ್ಲಿ ನೀರು, ಬೋರ್ ನೀರು ನೇರವಾಗಿ ಬೇಡವೇ ಬೇಡ: ಅಪರೂಪಕ್ಕೆ ಅದರಲ್ಲಿರೋ ಅಮೀಬಾ ಮೂಗಿನಿಂದ ಮೆದುಳಿಗೇ ಹತ್ತಬಹುದು. ಸಿಂಕಿನ ಮೇಲೆ ಬಗ್ಗಿ, ಬಾಯಲ್ಲಿ ಉಸಿರಾಡುತ್ತಾ ಈ ಉಪ್ಪುನೀರನ್ನು ಹೊಳ್ಳೆಗೆ ಮೆಲ್ಲಗೆ ಬಿಡಿ.

ಡಾಕ್ಟರು ಸ್ಪ್ರೇ ಬರೆದಿದ್ದರೆ ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಾಕಿ, ತುದಿ ಕಿವಿಯ ಕಡೆಗಿರಲಿ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತೆ. ಮೆಡಿಕಲ್‌ನಲ್ಲಿ ಸಿಗೋ ಕಟ್ಟಿದ ಮೂಗು ಬಿಡಿಸೋ ಕ್ಸೈಲೋಮೆಟಜೋಲಿನ್ ಡ್ರಾಪ್ಸ್ 5 ದಿನ ದಾಟಿಸಬೇಡಿ. ಆಮೇಲೆ ಅದರಿಂದಲೇ ಮೂಗು ಕಟ್ಟುತ್ತೆ. ಕಣ್ಣಿನ ಸುತ್ತ ಊದಿದರೆ, ದೃಷ್ಟಿ ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.