ಪೀಸು ಬೆಚ್ಚಗಿತ್ತು

ಹೋದ ಸೆಪ್ಟೆಂಬರ್ 15ಕ್ಕೆ ನಮ್ಮ ಫ್ಯಾಕ್ಟರಿಯಲ್ಲಿ ಇಂಜಿನಿಯರ್ಸ್ ಡೇ ಮಾಡಿದರು. ವಿಶ್ವೇಶ್ವರಯ್ಯನವರ ಫೋಟೋಗೆ ಒಂದು ಹಾರ, ಒಂದು ಕೇಕು, ತಲೆಗೊಂದು ಸಮೋಸ. ಹಿಂದಿನ ದಿನ ಎಚ್‌ಆರ್ ಹುಡುಗಿ ಬಂದು "ಮೇಡಂ, ಲೀಡರ್‌ಶಿಪ್ ಬಗ್ಗೆ ನೀವು ಐದು ನಿಮಿಷ ಮಾತಾಡಬೇಕು" ಎಂದಳು. ನಾನೇ ಯಾಕೆ ಅಂತ ಕೇಳಲಿಲ್ಲ. ಗೊತ್ತೇ ಇತ್ತು. ಶಾಪ್ ಫ್ಲೋರ್ ಇಂಜಿನಿಯರುಗಳಲ್ಲಿ ಹೆಂಗಸು ನಾನೊಬ್ಬಳೇ. ಮಾರ್ಚ್ 8ಕ್ಕೆ ಗುಲಾಬಿ, ಸೆಪ್ಟೆಂಬರ್ 15ಕ್ಕೆ ಮೈಕು. ಎರಡು ಸಲವೂ ಫೋಟೋದಲ್ಲಿ ಮುಂದಿನ ಸಾಲು.

ರಾತ್ರಿ ಕೂತು ರಾಜೇಶ್ವರಿ ಚಟರ್ಜಿ ಅವರ ಬಗ್ಗೆ ಓದಿ ಒಂದು ಪುಟ ಬರೆದೆ. 1922ರಲ್ಲಿ ಹುಟ್ಟಿದ ಕನ್ನಡದ ಹೆಣ್ಣುಮಗಳು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಶಿಗನ್‌ಗೆ ಹೋಗಿ, 1953ರಲ್ಲಿ ವಾಪಸ್ ಬಂದು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಐಐಎಸ್‌ಸಿಯಲ್ಲಿ, ಮೈಕ್ರೋವೇವ್ ಇಂಜಿನಿಯರಿಂಗ್ ಪಾಠ ಮಾಡಿದವರು. ನಮ್ಮ ಫ್ಯಾಕ್ಟರಿ ಇರುವ ಬೆಂಗಳೂರಿನ ಪೀಣ್ಯದಿಂದ ಆ ಕ್ಯಾಂಪಸ್ಸು ಎಷ್ಟು ದೂರ? ಯಶವಂತಪುರ ದಾಟಿದರೆ ಬಂತು. ಆದರೆ ಡಿಪ್ಲೊಮಾದ ಮೂರು ವರ್ಷದಲ್ಲಿ ಒಬ್ಬರೂ ನನಗೆ ಅವರ ಹೆಸರು ಹೇಳಿರಲಿಲ್ಲ. ಚೆನ್ನಾಗಿಯೇ ಬಂದಿತ್ತು ಆ ಪುಟ. ಬೆಳಿಗ್ಗೆ ಓದಿದರೆ ಶಾಲೆಯ ಭಾಷಣದ ಥರ ಕೇಳಿಸಿತು. ಮಡಚಿ ಬ್ಯಾಗಿಗೆ ಹಾಕಿದೆ. ಮೈಕಿನ ಮುಂದೆ ಹೇಳಿದ್ದು 86 ಪೀಸಿನ ಕಥೆ. ಅಲ್ಲಿ ಐದು ನಿಮಿಷದಲ್ಲಿ ಮುಗಿಸಬೇಕಿತ್ತು, ಇಲ್ಲಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಾನು ಶಿಗ್ಗಾವಿ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಮೆಕ್ಯಾನಿಕಲ್ ಡಿಪ್ಲೊಮಾ. ಪೀಣ್ಯಕ್ಕೆ ಬಂದ ಹೊಸದರಲ್ಲಿ ನಾನು "ಬರ್ರಿ, ನೋಡ್ರಿ" ಅಂದರೆ ಹುಡುಗರು ನಗುತ್ತಿದ್ದರು. ಅದೇನು ದೊಡ್ಡದಲ್ಲ ಬಿಡಿ, ನಮ್ಮೂರಿಗೆ ಬಂದರೆ ನಾವೂ ಅವರ ಮಾತಿಗೆ ನಗುತ್ತೇವೆ. ಕಷ್ಟ ಆಗಿದ್ದು ಬೆಳಗಿನ ಮೀಟಿಂಗು. ಎಲ್ಲ ಇಂಗ್ಲಿಷಿನಲ್ಲಿ. ಕೊನೆಗೆ ಮ್ಯಾನೇಜರ್ ಎಲ್ಲರ ಕಡೆ ಒಮ್ಮೆ ನೋಡಿ "ಕ್ಲಿಯರ್?" ಅನ್ನುತ್ತಿದ್ದರು. ನಾವೆಲ್ಲ "ಯೆಸ್ ಸರ್". ಪಿಪಿಎಪಿ ಅಂದರೆ ಏನು ಅಂತ ತಿಳಿಯದೆ ನಾನು ಮೂರು ತಿಂಗಳು ಯೆಸ್ ಸರ್ ಅಂದಿದ್ದೇನೆ. ಹೊಸ ಪಾರ್ಟು ಶುರು ಮಾಡುವ ಮುಂಚೆ ಗ್ರಾಹಕರ ಒಪ್ಪಿಗೆಗೆ ಕಳಿಸುವ ಕಾಗದಪತ್ರದ ಕಟ್ಟು ಅಷ್ಟೇ. ಕೇಳಿದ್ದರೆ ಎರಡು ನಿಮಿಷದ ಮಾತು.

ಇಷ್ಟು ಅನುಭವಿಸಿದವಳು, ನನ್ನ ಕೈಗೆ ಆರು ಮೆಷಿನ್ ಬಂದಾಗ ಏನು ಮಾಡಿದೆ ಗೊತ್ತಾ? ಎಲ್ಲರಿಗೂ ಏನೇನೋ ಹೇಳಿ, ಕೊನೆಗೆ "ಗೊತ್ತಾಯ್ತಾ?" ಅಂತ ಕೇಳಿದೆ. ಅವರು "ಹ್ಞೂ ಮೇಡಂ" ಅಂದರು.

ಜನವರಿ 2018. ಅಲ್ಯೂಮಿನಿಯಂ ಹೌಸಿಂಗ್, ಅಂದರೆ ಹೊರಕವಚ, ಅದರಲ್ಲಿ 32 ಮಿಲಿಮೀಟರ್ ಬೋರು, ಅಂದರೆ ದುಂಡನೆ ತೂತು. ಡ್ರಾಯಿಂಗ್ ಪ್ರಕಾರ ಬೋರು 32.000ಕ್ಕಿಂತ ಚಿಕ್ಕದಿರಬಾರದು, 32.025ಕ್ಕಿಂತ ದೊಡ್ಡದಿರಬಾರದು. ಅಂದರೆ 25 ಮೈಕ್ರಾನಿನ ಜಾಗ, ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ನಮ್ಮ ತಲೆಗೂದಲೇ ಅದರ ಎರಡು ಮೂರರಷ್ಟು ದಪ್ಪ ಇರುತ್ತದೆ. ಹಗಲಿನ ಪೀಸು ಸರಿ ಬರುತ್ತಿದ್ದವು. ರಾತ್ರಿ ಮೂರನೇ ಮೆಷಿನ್ನಿನಲ್ಲಿ ಆದವು ಬೆಳಿಗ್ಗೆ ಫೈನಲ್ ಇನ್‌ಸ್ಪೆಕ್ಷನ್ನಿಗೆ ಬಂದರೆ ಬೋರಿನೊಳಗೆ ತೂರಿಸಿ ನೋಡುವ ಪ್ಲಗ್ ಗೇಜಿನ ಗೋ ಕಡೆ, ಅಂದರೆ ಸರಿ ಇದ್ದರೆ ಹೋಗಲೇಬೇಕಾದ ತುದಿ, ಒಳಗೇ ಹೋಗುತ್ತಿರಲಿಲ್ಲ. ಬೋರು ಚಿಕ್ಕದು. ವಿಚಿತ್ರ ಅಂದರೆ ಆಪರೇಟರ್ ಬರೆದ ರಾತ್ರಿಯ ಶೀಟಿನಲ್ಲಿ ಎಲ್ಲವೂ 32.008, 32.010. ಎರಡೇ ರಾತ್ರಿಗೆ 86 ಪೀಸು ರಿಜೆಕ್ಟ್ ಆಗಿ ಕೆಂಪು ಬಿನ್ನಿಗೆ ಬಿದ್ದವು.

ಎಲ್ಲರ ಬೆರಳೂ ಮೂರನೇ ಮೆಷಿನ್ನಿನ ಹುಡುಗನ ಕಡೆ. ಒಡಿಶಾದವನು, ಬಂದು ಐದು ತಿಂಗಳಾಗಿತ್ತು. "ನಿದ್ದೆ ಮಾಡಿ ಸುಮ್ನೆ ಶೀಟು ತುಂಬಿಸಿದ್ದಾನೆ" ಅಂತ ಸೂಪರ್‌ವೈಸರ್ ತೀರ್ಪು ಕೊಟ್ಟಾಗಿತ್ತು. ನಿಜ ಹೇಳಬೇಕೆಂದರೆ, ನನಗೂ ಹಾಗೇ ಅನ್ನಿಸಿತ್ತು.

ರಾತ್ರಿ ಹೋಗಿ ಕಣ್ಣಾರೆ ನೋಡೋಣ ಅಂದರೆ ಆಗುವಂತಿರಲಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 66ನೇ ಕಲಂ ಪ್ರಕಾರ ಆಗ ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಫ್ಯಾಕ್ಟರಿಯಲ್ಲಿ ಹೆಂಗಸರಿಗೆ ಕೆಲಸ ಕೊಡುವಂತಿರಲಿಲ್ಲ. ನಮ್ಮ ರಕ್ಷಣೆಗೆ ಅಂತ ಮಾಡಿದ ಕಾನೂನು. ಅದರ ಇನ್ನೊಂದು ಮುಖ ಇದು: ನೈಟ್ ಮಾಡದವರನ್ನು ಶಿಫ್ಟ್ ಇನ್‌ಚಾರ್ಜ್ ಮಾಡುವುದಿಲ್ಲ, ಇನ್‌ಚಾರ್ಜ್ ಆಗದವರು ಪ್ರೊಡಕ್ಷನ್ ಮ್ಯಾನೇಜರ್ ಆಗುವುದಿಲ್ಲ. ನನ್ನ ಜೊತೆ ಸೇರಿದ ಇಬ್ಬರು ಗಂಡುಹುಡುಗರು ನನಗಿಂತ ಮೊದಲು ಮೇಲೆ ಹೋಗಿದ್ದು ಹೀಗೇ. ಕರ್ನಾಟಕ ಸರ್ಕಾರ 2019ರಲ್ಲಿ ಷರತ್ತು ಹಾಕಿ ರಾತ್ರಿಪಾಳಿಗೆ ಒಪ್ಪಿಗೆ ಕೊಟ್ಟಿತು, 2023ರಲ್ಲಿ ಕಾಯ್ದೆಗೇ ತಿದ್ದುಪಡಿ ತಂದಿತು. ವಾಹನ ಕೊಡಬೇಕು, ಭದ್ರತೆ ಇರಬೇಕು ಅಂತೆಲ್ಲ ಇದೆ, ಇರಲೇಬೇಕು ಕೂಡ. ನಮ್ಮಲ್ಲಿ ಆ ವ್ಯಾನಿನ ಖರ್ಚಿನ ಲೆಕ್ಕ ಇನ್ನೂ ಮುಗಿದಿಲ್ಲ.

ಸರಿ, ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ಹೋಗಿ ಗೇಟಿನ ಹೊರಗೆ ನಿಂತೆ. ಆರು ಹೊಡೆದ ಕೂಡಲೇ ಒಳಗೆ. ಹುಡುಗ ಮನೆಗೆ ಹೊರಟಿದ್ದ. "ಅಳತೆ ಹೇಗೆ ನೋಡ್ತೀಯ?" ಅಂತ ನನ್ನ ಹರಕು ಹಿಂದಿಯಲ್ಲಿ ಕೇಳಿದೆ. "ನೀವು ಹೇಳಿದ ಹಾಗೇ ಮೇಡಂ" ಅಂದ. ತಲೆ ಬಗ್ಗಿಸಿಯೇ ನಿಂತಿದ್ದ. ಬೇರೇನೂ ಹೊರಡಲಿಲ್ಲ.

ಉತ್ತರ ಸಿಕ್ಕಿದ್ದು ನಾನು ಕೇಳದೇ ಇದ್ದವರಿಂದ. ನಮ್ಮಲ್ಲಿ ಪೀಸು ತೊಳೆಯುವುದು, ಅಂಚಿನಲ್ಲಿ ಉಳಿದ ಚೂಪು ಲೋಹ, ಅಂದರೆ ಬರ್ ತೆಗೆಯುವುದು ಹೆಂಗಸರ ಕೆಲಸ. ನಾಲ್ಕು ಜನ ಇದ್ದರು. ಅವರಲ್ಲಿ ಹಿರಿಯರು ಚಳ್ಳಕೆರೆ ಕಡೆಯವರು, ಎಲ್ಲರೂ ಅವರನ್ನು ವಾಷಿಂಗ್ ಅಕ್ಕ ಅಂತಲೇ ಕರೆಯುವುದು. ನಾನು ಅವರ ಟ್ಯಾಂಕಿನ ಪಕ್ಕ ಕೂತು ಕೆಂಪು ಬಿನ್ನಿನ ಪೀಸನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಅಕ್ಕ ಮೆಷಿನ್ನಿನಿಂದ ಬಂದ ಟ್ರೇಗೆ ಕೈ ಹಾಕುತ್ತಾ, "ಈ ಚಳೀಲಿ ಇದೊಂದೇ ಸುಖ ನೋಡಿ ಮೇಡಂ. ಪೀಸು ಬೆಚ್ಚಗಿರ್ತವೆ. ನೀರಿಗೆ ಹಾಕಿದ್ಮೇಲೆ ಮತ್ತೆ ಐಸೇ" ಎಂದರು.

ನಾನು ಒಂದು ಕ್ಷಣ ಸುಮ್ಮನಾದೆ.

ಅಲ್ಯೂಮಿನಿಯಂ ಬಿಸಿಗೆ ಜಾಸ್ತಿ ಹಿಗ್ಗುತ್ತದೆ, ಉಕ್ಕಿನ ಹತ್ತಿರ ಹತ್ತಿರ ಎರಡರಷ್ಟು. 32 ಮಿಲಿಮೀಟರ್ ಬೋರು 15 ಡಿಗ್ರಿ ಬೆಚ್ಚಗಿದ್ದರೆ ಸುಮಾರು 11 ಮೈಕ್ರಾನ್ ದೊಡ್ಡದಾಗಿ ತೋರಿಸುತ್ತದೆ. ಬಿಸಿಯಲ್ಲಿ 32.010 ಇದ್ದದ್ದು ತಣ್ಣಗಾದರೆ 31.999. ಗೇಜು ಹೋಗುವುದಿಲ್ಲ. ಇದಕ್ಕೇ ಅಲ್ವಾ, ಅಳತೆಗೆ 20 ಡಿಗ್ರಿ ಅಂತ ಜಗತ್ತೆಲ್ಲ ಒಪ್ಪಿಕೊಂಡಿರುವುದು? ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಹಗಲು ಹೊತ್ತು ಪೀಸು ಮೊದಲು ಅಕ್ಕನ ಟ್ಯಾಂಕಿಗೆ ಹೋಗಿ, ತಣ್ಣಗಾಗಿ, ಆಮೇಲೆ ಗೇಜಿಗೆ ಬರುತ್ತಿತ್ತು. ರಾತ್ರಿ ಹೆಂಗಸರಿಲ್ಲ, ಹಾಗಾಗಿ ತೊಳೆಯುವುದೂ ಇಲ್ಲ. ಮೆಷಿನ್ನಿನಿಂದ ನೇರ ಗೇಜಿಗೆ. "ತೆಗೆದ ತಕ್ಷಣ ಅಳತೆ ನೋಡಿ, ತಡ ಮಾಡಬೇಡಿ" ಅಂತ ಹೇಳಿದ್ದು ಯಾರು? ನಾನೇ. ಗೊತ್ತಾಯ್ತಾ ಅಂತ ಕೇಳಿದ್ದೂ ನಾನೇ.

ಮಾರನೇ ದಿನ ಬೆಳಿಗ್ಗೆ ಹುಡುಗನ ಹತ್ತಿರ ಮತ್ತೆ ಹೋದೆ. ಈ ಸಲ ಕೇಳಲಿಲ್ಲ, ಗೇಜು ಅವನ ಕೈಗೆ ಕೊಟ್ಟು "ತೋರಿಸು" ಎಂದೆ. ಅವನು ಬಿಸಿ ಪೀಸಿಗೆ ಗೇಜು ಹಾಕಿದ, ಸಲೀಸಾಗಿ ಹೋಯಿತು. ಪಕ್ಕದಲ್ಲಿ ರಾತ್ರಿ ಹನ್ನೊಂದಕ್ಕೆ ತೆಗೆದಿಟ್ಟ ಪೀಸು ಇತ್ತು, ಅದಕ್ಕೆ ಹಾಕಿದ, ಹೋಗಲಿಲ್ಲ. "ಠಂಡಾ ಹೋನೇ ಸೇ ನಹೀಂ ಜಾತಾ" ಎಂದ, ತಣ್ಣಗಾದರೆ ಹೋಗಲ್ಲ ಅಂತ. ಮೊದಲ ರಾತ್ರಿಯೇ ಅವನಿಗೆ ಗೊತ್ತಾಗಿತ್ತು! ಸೂಪರ್‌ವೈಸರಿಗೆ ಹೇಳಿಯೂ ಇದ್ದನಂತೆ. ಹೇಳಿದಷ್ಟು ಮಾಡು ಅನ್ನಿಸಿಕೊಂಡು ಬಾಯಿ ಮುಚ್ಚಿಕೊಂಡಿದ್ದ.

ಬೆಳಗಿನ ಮೀಟಿಂಗಿನಲ್ಲಿ "ತಪ್ಪು ನಂದು" ಅಂತ ಹೇಳಿದೆ. ಬೆನ್ನು ತಟ್ಟಿದರು ಅಂತ ಅಂದುಕೊಂಡಿರಾ? ಚೆನ್ನಾಗಿ ಬೈಸಿಕೊಂಡೆ. 61 ಪೀಸು ರೀವರ್ಕ್ ಮಾಡಿ ಸರಿಪಡಿಸಿದ್ದಾಯಿತು, 25 ಸ್ಕ್ರ್ಯಾಪ್. ಆ 25ರ ಲೆಕ್ಕ ರಿಪೋರ್ಟಿನಲ್ಲಿ ನನ್ನ ಹೆಸರಿನ ಮುಂದೆ ಈಗಲೂ ಇದೆ. ಹುಡುಗನ ಮೇಲಿನ ಮಾತು ಮಾತ್ರ ಅವತ್ತೇ ನಿಂತಿತು. ಒಂದು ವಾರ ಆದಮೇಲೆ ಐದನೇ ಮೆಷಿನ್ನಿನವನು ತಾನಾಗಿಯೇ ಬಂದು, "ಮೇಡಂ, ಆಫ್‌ಸೆಟ್ ತಪ್ಪು ಹಾಕ್ಬಿಟ್ಟೆ, ಟೂಲ್ ಹೊಡೀತು" ಅಂದ. ಆಫ್‌ಸೆಟ್ ಅಂದರೆ ಟೂಲಿನ ಅಳತೆಗೆ ತಕ್ಕ ಹಾಗೆ ಮೆಷಿನ್ನಿಗೆ ಕೊಡುವ ನಂಬರು. ಅಲ್ಲಿಯವರೆಗೆ ಟೂಲ್ ಮುರಿದದ್ದು ನನಗೆ ಗೊತ್ತಾಗುತ್ತಿದ್ದದ್ದು ಕಸದ ಡಬ್ಬಿಯಿಂದ.

"ಗೊತ್ತಾಯ್ತಾ" ಅನ್ನುವುದನ್ನು ಬಿಡಲು ನನಗೆ ವರ್ಷವೇ ಬೇಕಾಯಿತು. ಬಾಯಿಗೆ ಬಂದು ಬಿಡುತ್ತದೆ. ಈಗ "ಮಾಡಿ ತೋರಿಸಿ" ಅನ್ನುತ್ತೇನೆ. ಇದರಿಂದ ಸಮಯ ಹಾಳು ಅಂತ ಗೊಣಗುವವರು ಇದ್ದಾರೆ. ಹೌದು, ಹಿಡಿಯುತ್ತದೆ, ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ಮೀಟಿಂಗನ್ನು ರೂಮಿನಿಂದ ತೆಗೆದು ವಾಷಿಂಗ್ ಟ್ಯಾಂಕಿನ ಪಕ್ಕಕ್ಕೆ ತಂದಿದ್ದೇನೆ. ಅಕ್ಕನ ಕೈ ಒದ್ದೆ ಇರುತ್ತದೆ, ರೂಮಿಗೆ ಕರೆದರೆ ಬರುವುದಿಲ್ಲ, ಅದಕ್ಕೆ.

ಇಷ್ಟನ್ನೂ ಸೆಪ್ಟೆಂಬರ್ 15ಕ್ಕೆ ಮೈಕಿನ ಮುಂದೆ ಹೇಳಿ, "ಆ ಅಕ್ಕ ಇಲ್ಲೇ ಇದ್ದಾರೆ" ಅನ್ನೋಣ ಅಂತ ಹುಡುಕಿದರೆ ಹಾಲಿನಲ್ಲಿ ಆ ನಾಲ್ಕು ಜನರಲ್ಲಿ ಒಬ್ಬರೂ ಇಲ್ಲ. "ಅವರು ಇಂಜಿನಿಯರ್ಸ್ ಅಲ್ವಲ್ಲ ಮೇಡಂ" ಎಂದಳು ಎಚ್‌ಆರ್ ಹುಡುಗಿ, ಪಾಪ, ಪಿಸುಮಾತಿನಲ್ಲಿ. ನಾಲ್ಕು ಸಮೋಸ ಪೇಪರಿನಲ್ಲಿ ಕಟ್ಟಿಕೊಂಡು ಹೋದೆ.

ಅಕ್ಕ ಸಮೋಸ ತಗೊಂಡರು. ಆದರೆ ತಿನ್ನಲಿಲ್ಲ, ಪಕ್ಕಕ್ಕಿಟ್ಟು ಒಂದು ಪೀಸು ಎತ್ತಿ ನನ್ನ ಮುಂದೆ ಹಿಡಿದರು. "ಹೊಸ ಸೋಪಿನ ನೀರು ಬಂದಾಗಿಂದ ಇದು ಕಪ್ಪಾಗ್ತಿದೆ ಮೇಡಂ. ನನ್ನ ಬೆರಳೂ ಉರೀತದೆ." ಪರ್ಚೇಸಿನವರು ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಡ್ರಮ್ ತರಿಸಿದ್ದರು. ಪಿಎಚ್ ಪಟ್ಟಿ ತಂದು ಟ್ಯಾಂಕಿಗೆ ಅದ್ದಿದೆ. ಕಡುನೀಲಿಗೆ ತಿರುಗಿತು. 11ರ ಮೇಲೆ. ಅಷ್ಟು ಕ್ಷಾರ ಇದ್ದರೆ ಅಲ್ಯೂಮಿನಿಯಂ ಕಪ್ಪಾಗದೆ ಇನ್ನೇನಾಗುತ್ತದೆ? ಡ್ರಮ್ಮನ್ನು ಅವತ್ತೇ ವಾಪಸ್ ಕಳಿಸಿದೆವು. ಅಕ್ಕನಿಗೆ ಸ್ಟೋರಿನಿಂದ ದಪ್ಪ ಗ್ಲೌಸ್ ಕೊಡಿಸಿದೆ. ಅದು ದೊಡ್ಡ ಸೈಜು, ಕೈಗೆ ನಿಲ್ಲುವುದಿಲ್ಲ ಅಂತ ಅವರ ತಕರಾರು. ಇರುವುದೆಲ್ಲ ಗಂಡಸರ ಸೈಜು. ಚಿಕ್ಕ ಸೈಜು ತರಿಸಲು ಇಂಡೆಂಟ್ ಹಾಕಿದ್ದೇನೆ, ಇನ್ನೂ ಬಂದಿಲ್ಲ.