ಎಡಗಡೆ ಗಾಜು: ಬಂಡೆ ಸಂದಿಯ ಪಾಚಿ, ಐದು ವಾರದ ಕೆಲಸ

ಎರಡು ವರ್ಷದಿಂದ ಬಿಟ್ಟುಬಿಟ್ಟಿದ್ದ ಎಡಗಡೆ ಗಾಜಿಗೆ ಕೊನೆಗೂ ಕೈ ಹಾಕಿದ್ದೇನೆ. ರೀಫ್ ಟ್ಯಾಂಕ್, ಅಂದರೆ ಹವಳ ಮತ್ತು ಕಡಲ ಮೀನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ, 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಗಾಜಿನ ದಪ್ಪ 12 ಮಿ.ಮೀ. ಮುಂದಿನ ಗಾಜಿಗೆ ಮ್ಯಾಗ್ನೆಟ್ ಕ್ಲೀನರ್ (ಗಾಜಿನ ಒಳಗೊಂದು, ಹೊರಗೊಂದು ತುಂಡು) ಇದೆ, ಎರಡು ದಿನಕ್ಕೊಮ್ಮೆ ಎಳೆದರೆ ಸಾಕು. ಎಡಗಡೆ ಹಾಗಲ್ಲ. ಅಲ್ಲಿ ಬಂಡೆಗಳ ಗೋಡೆ ಗಾಜಿಗೆ ತೀರಾ ಹತ್ತಿರ ನಿಂತಿದೆ, ಆ ಸಂದಿಯಲ್ಲಿ ಕೋರಲೈನ್ ಅನ್ನುವ ನೇರಳೆ ಬಣ್ಣದ ಗಟ್ಟಿ ಪಾಚಿ ಪದರ ಪದರವಾಗಿ ಕೂತಿದೆ.

ಬಂಡೆಯ ಮೇಲೆ ಈ ನೇರಳೆ ಬಣ್ಣ ನನಗೆ ತುಂಬಾ ಇಷ್ಟ. ಗಾಜಿನ ಮೇಲೂ ಇರಲಿ ಬಿಡು ಅಂತಲೇ ಇಷ್ಟು ದಿನ ಸುಮ್ನಿದ್ದೆ. ಮೂರು ತಿಂಗಳ ಹಿಂದೆ ಒಂದು ಹಳದಿ ಗೋಬಿ ಮೀನು ಮತ್ತು ಒಂದು ಪಿಸ್ತೂಲ್ ಸಿಗಡಿಯನ್ನು ಬಿಟ್ಟ ಮೇಲೆ ಮನಸ್ಸು ಬದಲಾಯಿತು. ಅವೆರಡೂ ಸೇರಿ ಬಿಲ ತೋಡಿದ್ದು ಸರಿಯಾಗಿ ಎಡಗಡೆ ಬಂಡೆಯ ಕೆಳಗೆ. ಮುಂದಿನಿಂದ ಗೋಬಿಯ ತಲೆ ಮಾತ್ರ ಕಾಣುತ್ತದೆ. ಸಿಗಡಿ ಉಗುರು ಬಡಿಯುವ "ಟಪ್" ಸದ್ದು ರಾತ್ರಿ ಕೇಳುತ್ತದೆ, ಆದರೆ ಸಿಗಡಿಯನ್ನು ಒಂದು ದಿನವೂ ಸರಿಯಾಗಿ ನೋಡಿಲ್ಲ. ಬಿಲದ ಬಾಯಿ ಇರುವುದು ಆ ಪಾಚಿ ಕಟ್ಟಿದ ಗಾಜಿನ ಹಿಂದೆ.

ವಾರ 1

ಬಂಡೆ ಸರಿಸುವ ಯೋಚನೆಯನ್ನು ಮೊದಲೇ ಬಿಟ್ಟೆ. ಕೆಳಗಿನ ಬಂಡೆಗಳನ್ನು ಎಪಾಕ್ಸಿ ಹಾಕಿ ಕೂಡಿಸಿದ್ದೇನೆ, ಮೇಲೆ ಮಾಂಟಿಪೋರಾ ಹವಳ ತಟ್ಟೆಯ ಹಾಗೆ ಹರಡಿಕೊಂಡಿದೆ. ಬಿಲವೂ ಕುಸಿಯುತ್ತದೆ. ಹಾಗಾಗಿ ಸಂದಿಗೆ ತಕ್ಕ ಹಾಗೆ ಸಾಧನ ಮಾಡಿಕೊಳ್ಳಬೇಕು, ಬೇರೆ ದಾರಿಯಿಲ್ಲ.

ಅಳತೆಯಲ್ಲೇ ಮೊದಲ ಪಾಠ ಸಿಕ್ಕಿತು. ಎಡಗಡೆ ಗಾಜಿನಲ್ಲಿ ಮೇಲ್ಗಡೆ ಅಂಗೈಯಷ್ಟು ಜಾಗ ಸ್ವಚ್ಛ ಇತ್ತು. ಅದರ ಮೂಲಕ ನೋಡಿದರೆ ಬಂಡೆ ಗಾಜಿಗೆ 20 ಮಿ.ಮೀ. ದೂರದಲ್ಲಿದೆ ಅನ್ನಿಸಿತು. ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಸಂದಿಗೆ ಇಳಿಸಿದೆ. ನಿಜವಾಗಿ ಇದ್ದದ್ದು 27 ಮಿ.ಮೀ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ ನೀರಿನೊಳಗಿನ ವಸ್ತು ಮುಕ್ಕಾಲು ದೂರದಲ್ಲಿದ್ದ ಹಾಗೆ ಕಾಣುತ್ತದೆ. ಕಣ್ಣಳತೆ ನಂಬಿದ್ದರೆ ಆಗಲ್ಲ ಅಂತ ಕೈಬಿಡುತ್ತಿದ್ದೆ. ಕೆಳಗೆ ಹೋದಂತೆ ಸಂದಿ ಕಿರಿದಾಗಿ 22 ಮಿ.ಮೀ. ಆಗುತ್ತದೆ.

ನನ್ನ ಮ್ಯಾಗ್ನೆಟ್‌ನ ಒಳಗಿನ ತುಂಡೇ 35 ಮಿ.ಮೀ. ದಪ್ಪ. ಅದು ಇಲ್ಲಿ ತೂರುವುದೇ ಇಲ್ಲ. ಚಿಕ್ಕ ಟ್ಯಾಂಕಿನ ಮ್ಯಾಗ್ನೆಟ್ ಒಂದನ್ನು ಹಾಕಿ ನೋಡಿದೆ. 12 ಮಿ.ಮೀ. ಗಾಜಿನಾಚೆ ಅದಕ್ಕೆ ಹಿಡಿತ ಸಾಲದೆ ಜಾರಿ ಮರಳಿಗೆ ಬಿತ್ತು. ಮೇಲೆತ್ತಿದಾಗ ಅದರ ಒರೆಸುವ ಬಟ್ಟೆಯ ತುಂಬ ಮರಳು. ನನ್ನ ಅರಗೊನೈಟ್ ಮರಳು, ಅಂದರೆ ಸುಣ್ಣದ ಮರಳು, ಗಾಜಿಗಿಂತ ಮೆದು, ನಿಜ. ಆದರೆ ಅದರಲ್ಲಿ ಸಿಲಿಕಾದ ಒಂದೇ ಒಂದು ಕಾಳು ಸೇರಿದ್ದರೂ ಗಾಜಿಗೆ ಗೆರೆ ಬೀಳುತ್ತದೆ, ಆ ಗೆರೆ ಮತ್ತೆ ಹೋಗುವುದಿಲ್ಲ. ಅದನ್ನು ಅಲ್ಲಿಗೇ ನಿಲ್ಲಿಸಿದೆ.

ವಾರ 2

ಟ್ರೋಕಸ್ ಬಸವನಹುಳು ಆರು ಇವೆ. ಹಸಿರು ಪೊರೆ, ಕಂದು ಡಯಾಟಮ್ ಎಲ್ಲವನ್ನೂ ಚೆನ್ನಾಗಿ ತಿನ್ನುತ್ತವೆ. ಕೋರಲೈನ್‌ನ ಗಟ್ಟಿ ಪದರ ಮಾತ್ರ ಅವುಗಳಿಂದ ಏಳುವುದಿಲ್ಲ. ಕಡಲ ಮುಳ್ಳುಚೆಂಡು, ಅಂದರೆ ಅರ್ಚಿನ್, ಕೋರಲೈನ್ ಕೆರೆದು ತಿನ್ನುತ್ತದೆ. ಆದರೆ ಟಕ್ಸೆಡೊ ಅರ್ಚಿನ್ ಸಡಿಲ ಇರುವ ಹವಳದ ತುಂಡುಗಳನ್ನು ಬೆನ್ನ ಮೇಲೆ ಹೊತ್ತು ಓಡಾಡುತ್ತದೆ, ಬಂಡೆಯ ಮೇಲಿನ ಬಣ್ಣವನ್ನೂ ಉಳಿಸುವುದಿಲ್ಲ. ಬೇಡ ಅಂದುಕೊಂಡೆ.

ಹಳೇ ಪ್ಲಾಸ್ಟಿಕ್ ಕಾರ್ಡನ್ನು ಕೋಲಿಗೆ ಕಟ್ಟಿ ಕೆರೆದೆ. ಹೊಸದಾಗಿ ಬಂದ ಚುಕ್ಕೆಗಳು ಎದ್ದವು. ಹಳೇ ಪದರದ ಮೇಲೆ ಕಾರ್ಡು ಬಾಗಿತೇ ಹೊರತು ಏನೂ ಆಗಲಿಲ್ಲ. ಕೋರಲೈನ್ ಮೈತುಂಬ ಸುಣ್ಣ ತುಂಬಿಕೊಳ್ಳುವ ಪಾಚಿ. ನೀರಿನ ಕ್ಯಾಲ್ಸಿಯಂ, ಕಾರ್ಬೊನೇಟ್ ತೆಗೆದುಕೊಂಡು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ನನ್ನ ಟ್ಯಾಂಕಿನಲ್ಲಿ ಕ್ಯಾಲ್ಸಿಯಂ 430 ಪಿಪಿಎಂ, ಆಲ್ಕಲಿನಿಟಿ (ಕಾರ್ಬೊನೇಟ್ ಎಷ್ಟಿದೆ ಅನ್ನುವ ಅಳತೆ) 8.5 ಡಿಕೆಎಚ್. ಹವಳಕ್ಕೆ ಬೇಕಾದದ್ದೇ ಇದಕ್ಕೂ ಬೇಕು. ಪಾಚಿ ತಡೆಯಲು ಅವುಗಳನ್ನು ಇಳಿಸಿದರೆ ಹವಳವೇ ಸೊರಗುತ್ತದೆ. ಹಾಗಾದರೆ ಉಕ್ಕಿನ ಬ್ಲೇಡೇ ಗತಿ. ಬೇಗ ಗೆರೆ ಬೀಳುವ ಅಕ್ರಿಲಿಕ್ ಟ್ಯಾಂಕ್ ಆಗಿದ್ದರೆ ಇದನ್ನು ಯೋಚಿಸುವ ಹಾಗೂ ಇರಲಿಲ್ಲ, ನನ್ನದು ಗಾಜು.

ವಾರ 3

ಹಿಡಿಕೆಗೆ ಅರ್ಧ ಇಂಚಿನ ಪಿವಿಸಿ ಪೈಪ್ ತೆಗೆದುಕೊಂಡೆ. ಅದರ ಹೊರ ಅಗಲವೇ 21 ಮಿ.ಮೀ. ದಾಟುತ್ತದೆ. ಬ್ಲೇಡ್ ಕಟ್ಟಿದರೆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಪೈಪನ್ನೇ ಚಪ್ಪಟೆ ಮಾಡಿದೆ. ಕೆಳಗಿನ ಒಂದೂವರೆ ಅಡಿಯನ್ನು ಹಾಟ್ ಏರ್ ಗನ್‌ನಲ್ಲಿ ನಿಧಾನಕ್ಕೆ ಕಾಯಿಸಿ, ಮೆತ್ತಗಾದ ಕೂಡಲೇ ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ನಿಂತೆ. ಆರಿದ ಮೇಲೆ 6 ಮಿ.ಮೀ. ದಪ್ಪದ ಗಟ್ಟಿ ಪಟ್ಟಿ ಸಿಕ್ಕಿತು. ತುದಿಯ ಎರಡು ಇಂಚನ್ನು ಮತ್ತೆ ಕಾಯಿಸಿ ಗಾಜಿನ ಕಡೆಗೆ ಸ್ವಲ್ಪ ಬಗ್ಗಿಸಿದೆ. ಈ ಕೆಲಸ ಬಯಲಲ್ಲೇ ಮಾಡಬೇಕು. ಪಿವಿಸಿ ಸುಟ್ಟರೆ ಬರುವ ಹೊಗೆ ತುಂಬಾ ಕೆಟ್ಟದ್ದು.

ಬ್ಲೇಡನ್ನು ಸ್ಕ್ರೂ ಹಾಕಿ ಬಿಗಿಯಲಿಲ್ಲ. ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ, ಅದು ಸಿಗಡಿ, ಬಸವನಹುಳುಗಳಿಗೆ ವಿಷ. ಉಕ್ಕಿನ ಸ್ಕ್ರೂ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತದೆ. ಎರಡು ಕೇಬಲ್ ಟೈ ಸಾಕಾಯಿತು. ಬ್ಲೇಡಿನ ಎರಡೂ ಚೂಪು ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡಿದೆ. ಇದನ್ನು ಯಾರೂ ಬಿಡಬೇಡಿ. ಗಾಜುಗಳನ್ನು ಹಿಡಿದಿಟ್ಟಿರುವುದು ಮೂಲೆಯ ಸಿಲಿಕೋನ್. ಬ್ಲೇಡಿನ ಚೂಪು ತಾಗಿದರೆ ಅದು ಬೆಣ್ಣೆಯ ಹಾಗೆ ಕೊಯ್ದುಹೋಗುತ್ತದೆ. ಸಿಲಿಕೋನ್ ಪಕ್ಕದ 5 ಮಿ.ಮೀ. ಜಾಗವನ್ನು ನಾನು ಉಕ್ಕಿನಿಂದ ಮುಟ್ಟಿಲ್ಲ.

ಮೊದಲ ಪ್ರಯತ್ನದಲ್ಲೇ ಒಂದು ನೋವಿನ ಸಂಗತಿ ಆಯಿತು. ಹೊರಗೆ ಎಳೆಯುವಾಗ ಕೇಬಲ್ ಟೈನ ಗಂಟು ಮಾಂಟಿಪೋರಾದ ಅಂಚಿಗೆ ಸಿಕ್ಕಿ, ಹೆಬ್ಬೆರಳಿನ ಉಗುರಿನಷ್ಟು ಚೂರು ಮುರಿಯಿತು. ಮುರಿದ ಕಡೆ ಬಿಳಿ ಅಸ್ಥಿ ಕಂಡಾಗ ಹೊಟ್ಟೆ ಚುರುಕ್ ಅಂದಿತು. ಚೂರನ್ನು ಸೂಪರ್ ಗ್ಲೂ ಜೆಲ್ ಹಾಕಿ ಬೇರೊಂದು ಕಲ್ಲಿಗೆ ಅಂಟಿಸಿದ್ದೇನೆ. ಆಮೇಲೆ ಗಂಟುಗಳನ್ನು ಪಟ್ಟಿಯ ಪಕ್ಕದ ಅಂಚಿಗೆ ತಿರುಗಿಸಿ, ಉಳಿದ ಬಾಲವನ್ನು ನೈಲ್ ಕಟರ್‌ನಿಂದ ಸಮ ಮಾಡಿದೆ.

ವಾರ 4 ಮತ್ತು 5

ಈಗ ಕ್ರಮ ಕೈಗೆ ಹತ್ತಿದೆ. ಮೊದಲು ವೇವ್‌ಮೇಕರ್, ಅಂದರೆ ಅಲೆ ಎಬ್ಬಿಸುವ ಪಂಪ್, ಆಫ್. ಇಲ್ಲದಿದ್ದರೆ ಪಾಚಿಯ ಚೂರುಗಳು ಹವಳದ ಮೇಲೆಲ್ಲ ಹಾರುತ್ತವೆ. ಉದ್ದ ಕೈಗವಸು ಹಾಕಿಕೊಳ್ಳುತ್ತೇನೆ, ಟ್ಯಾಂಕಿನಲ್ಲಿ ಹವಳದ ಹತ್ತಿರದ ಸಂಬಂಧಿ ಪಾಲಿಥೋವಾ ಇದೆ, ಅದರ ವಿಷದ ಜೊತೆ ಆಟ ಬೇಡ. ಬ್ಲೇಡನ್ನು ಗಾಜಿಗೆ ಆದಷ್ಟು ಮಲಗಿಸಿ ತಳ್ಳಬೇಕು. ಪದರದ ಅಂಚು ಒಮ್ಮೆ ಎದ್ದರೆ ಸಾಕು, ಮುಂದಿನದು ಚಕ್ಕೆ ಚಕ್ಕೆಯಾಗಿ ಬರುತ್ತದೆ. ಗಾಜಿನ ಹೊರಗೆ ಕೈ ಇಟ್ಟರೆ ಆ ಕರಕರ ಬೆರಳಿಗೇ ಗೊತ್ತಾಗುತ್ತದೆ. ಸದ್ದು ಬದಲಾದರೆ ತಕ್ಷಣ ನಿಲ್ಲಿಸುತ್ತೇನೆ, ನಡುವೆ ಮರಳು ಸೇರಿರಬಹುದು. ಮರಳಿನ ಹತ್ತಿರ ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಕೆರೆಯುವುದು.

ಒಂದು ಸಲಕ್ಕೆ 20 ನಿಮಿಷ, ಅಷ್ಟೇ. ಆಮೇಲೆ ಬಿದ್ದ ಚಕ್ಕೆಗಳನ್ನು ಸೈಫನ್ ಟ್ಯೂಬಿನಿಂದ ಎಳೆದು, ಹವಳದ ಮೇಲೆ ಕೂತದ್ದನ್ನು ದೊಡ್ಡ ಪಿಪೆಟ್‌ನಿಂದ ನೀರು ಊದಿ ಹಾರಿಸುತ್ತೇನೆ. ಬ್ಲೇಡನ್ನು ಸಿಹಿ ನೀರಿನಲ್ಲಿ ತೊಳೆದು ಒರೆಸಿ ಇಡಬೇಕು. ಸ್ಟೇನ್‌ಲೆಸ್ ಅಂತ ಹಾಗೇ ಬಿಟ್ಟರೆ ಅದಕ್ಕೂ ಕಲೆ ಬರುತ್ತದೆ.

ಐದನೇ ವಾರದ ಕೊನೆಗೆ ಮುಕ್ಕಾಲು ಭಾಗ ಗಾಜು ತಿಳಿಯಾಗಿದೆ. ಇನ್ನು ವಾರಕ್ಕೊಮ್ಮೆ ಅದೇ ಪಟ್ಟಿಗೆ ಪ್ಲಾಸ್ಟಿಕ್ ಬ್ಲೇಡ್ ಕಟ್ಟಿ ಎಳೆಯುತ್ತೇನೆ. ಗುಂಡುಸೂಜಿ ತಲೆಯಷ್ಟಿರುವಾಗ ಕೋರಲೈನ್ ಪ್ಲಾಸ್ಟಿಕ್‌ಗೂ ಏಳುತ್ತದೆ, ಮತ್ತೆ ಉಕ್ಕು ಹಿಡಿಯುವ ಪ್ರಸಂಗ ಬರಬಾರದು.

ನಿನ್ನೆ ಸಂಜೆ ದೀಪ ಮಂಕಾದ ಮೇಲೆ ಎಡಗಡೆ ನೆಲದ ಮೇಲೆ ಕೂತು ನೋಡಿದೆ. ಗೋಬಿ ಬಿಲದ ಬಾಯಲ್ಲಿ ಕಾವಲು ಕೂತಿತ್ತು. ಸಿಗಡಿ ಒಳಗಿನಿಂದ ಮರಳು ತಳ್ಳಿಕೊಂಡು ಬಂತು. ಅದಕ್ಕೆ ಕಣ್ಣು ಅಷ್ಟಾಗಿ ಕಾಣಿಸುವುದಿಲ್ಲ, ಹೊರಗಿದ್ದಷ್ಟು ಹೊತ್ತೂ ಒಂದು ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇತ್ತು. ಗೋಬಿ ಬಾಲ ಒಂದು ಸಲ ಅದುರಿಸಿತು, ಸಿಗಡಿ ಸರಕ್ಕನೆ ಒಳಗೆ. ಸ್ವಲ್ಪ ಹೊತ್ತಿಗೆ ಒಂದು ನೇರಳೆ ಚಕ್ಕೆಯನ್ನು ಉಗುರಿನಲ್ಲಿ ಹಿಡಿದು ತಂದು ಬಿಲದ ಬಾಯಿಗೆ ಇಟ್ಟಿತು. ನಾನು ಕೆರೆದ ಕೋರಲೈನ್, ಸೈಫನ್‌ಗೆ ಸಿಗದೆ ಉಳಿದದ್ದು.

ಇನ್ನು ಉಳಿದಿರುವುದು ಹಿಂದಿನ ಮೂಲೆ, ಓವರ್‌ಫ್ಲೋ ಪೆಟ್ಟಿಗೆಯ (ನೀರು ಹೊರಹೋಗುವ ಪೆಟ್ಟಿಗೆ) ಪಕ್ಕ. ಅಲ್ಲಿ ಸಂದಿ 18 ಮಿ.ಮೀ. ಪಟ್ಟಿ ತೂರುತ್ತದೆ, ಬಗ್ಗಿಸಿದ ತುದಿ ತೂರುವುದಿಲ್ಲ. ಈ ವಾರ ಇನ್ನೊಂದು ಪೈಪ್ ಕಾಯಿಸಬೇಕು.